ಹತ್ತು ನಲವತ್ತರ ಕಲ್ಲು

ಹತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಆ ದಿನ ಬಂದವರು ಹದಿನೇಳೇ ಮಂದಿ. ಉಳಿದವರು ಯಾಕೆ ಬಂದಿಲ್ಲ ಎಂದು ಕೇಳುವ ಧೈರ್ಯ ವಿಜ್ಞಾನದ ಮಾಸ್ತರ ಪ್ರೇಮಕುಮಾರನಿಗೆ ಆಗಲಿಲ್ಲ. ಕೇಳಿದರೆ ಯಾರಾದರೂ ಎದ್ದು ನಿಂತು, ನೀವೇ ಹೇಳಿದ್ದಿರಲ್ಲ ಸರ್ ಎಂದುಬಿಟ್ಟರೆ ಏನು ಮಾಡುವುದು? ಹೆಸರು ಕೂಗಿದ, ಉತ್ತರ ಬಾರದ ಕಡೆ ಗೈರು ಎಂದು ಬರೆದ, ಪುಸ್ತಕ ಮುಚ್ಚಿದ. ಬೆಳಿಗ್ಗೆ ಹೊರ್ತಿಯ ಬಸ್ಸಿನಿಂದ ಇಳಿದು ಕರಿಗನಾಳದ ಬೀದಿಯಲ್ಲಿ ನಡೆಯುವಾಗಲೇ ಏನೋ ಸರಿಯಿಲ್ಲ ಅನ್ನಿಸಿತ್ತು. ಜನವರಿಯ ಎಳೆಬಿಸಿಲು ಬಿದ್ದಿದ್ದರೂ ಮನೆಗಳ ಬಾಗಿಲು ಹಾಕಿದ್ದವು. ಹೊರಗಿಟ್ಟ ನೀರಿನ ಕೊಡಗಳ ಮೇಲೆ ಗ್ರಹಣದ ದಿನದಂತೆ ಗರಿಕೆ ಹಾಕಿದ್ದರು. ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂರುವ ಮುದುಕರು ಒಬ್ಬರೂ ಇರಲಿಲ್ಲ, ಚಹಾದಂಗಡಿಯ ಒಲೆ ತಣ್ಣಗಿತ್ತು. ತನ್ನ ಬಾಯಿಂದ ಬಂದ ಮೂರು ಸಮಯಗಳು ಇಡೀ ಊರಿಗೆ ಬಾಗಿಲು ಹಾಕಿಸಿವೆ ಎಂದು ಹೊಳೆದಾಗ ಅವನಿಗೆ ನಗು ಬಂತು. ಸುಳ್ಳು ಯಾಕೆ ಹೇಳಬೇಕು, ನಗುವಿಗಿಂತ ಮೊದಲು ಹಿಗ್ಗು ಬಂದಿತ್ತು. ಶಾಲೆಯ ಗೇಟು ಮುಟ್ಟುವ ಹೊತ್ತಿಗೆ ಆ ಹಿಗ್ಗು ಬೇರೇನೋ ಆಗಿತ್ತು, ಅದು ಏನೆಂದು ನೋಡುವ ಗೋಜಿಗೆ ಅವನು ಹೋಗಲಿಲ್ಲ.

ಆಕಾಶದಲ್ಲಿ ಬರುತ್ತಿದ್ದ ಆ ಕಲ್ಲಿನ ಬಗ್ಗೆ ಕರಿಗನಾಳದಲ್ಲಿ ಅವನಷ್ಟು ತಿಳಿದವರು ಯಾರೂ ಇರಲಿಲ್ಲ, ಅದಂತೂ ನಿಜ. ದುರ್ಬೀನಿಗೆ ಅದು ಮೊದಲು ಕಂಡದ್ದೇ ನಾಲ್ಕು ದಿನದ ಹಿಂದೆ. ಹೆಸರು ಅಂತ ಇಲ್ಲ. ಇಸವಿ, ಎರಡು ಅಕ್ಷರ, ಒಂದು ಅಂಕಿ, ಮುಗಿಯಿತು. ಅಗಲ ಹತ್ತರಿಂದ ಇಪ್ಪತ್ತು ಮೀಟರು. ಮೈ ಕಪ್ಪೋ ಬಿಳಿಯೋ ಗೊತ್ತಿಲ್ಲದ್ದರಿಂದ ಅದಕ್ಕಿಂತ ಖಚಿತವಾಗಿ ಯಾರೂ ಹೇಳಲಾರರು. ಎರಡೂವರೆ ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ಉರುಳುತ್ತದೆ. ಸೂರ್ಯನನ್ನು ಒಂದು ಸುತ್ತು ಹಾಕಲು ಹದಿನೇಳು ತಿಂಗಳು ಬೇಕು. ದಾರಿ ದುಂಡಗಿಲ್ಲ, ತತ್ತಿಯ ಹಾಗೆ ಉದ್ದ, ಒಂದು ತುದಿ ಮಂಗಳನ ಆಚೆ, ಇನ್ನೊಂದು ತುದಿ ಶುಕ್ರನಿಗಿಂತ ಒಳಗೆ. ಒಳಗೆ ಹೋಗುವಾಗೊಮ್ಮೆ ಹೊರಗೆ ಬರುವಾಗೊಮ್ಮೆ ಭೂಮಿಯ ದಾರಿಯನ್ನು ಹಾಯುತ್ತದೆ, ಸಾಮಾನ್ಯವಾಗಿ ಆಗ ಭೂಮಿ ಬೇರೆಲ್ಲೋ ಇರುತ್ತದೆ. ಈ ಸಲ ಹತ್ತಿರವಿದೆ. ಮೂರು ಲಕ್ಷ ಹದಿನಾಲ್ಕು ಸಾವಿರ ಕಿಲೋಮೀಟರ್, ಚಂದ್ರನಿಗಿಂತ ತುಸು ಈಚೆ. ಬಡಿಯುವ ಸಾಧ್ಯತೆ ಸೊನ್ನೆ. ಟೀವಿಯವರು ಮಾತ್ರ ಬೆಂಕಿಯುಂಡೆಯ ಚಿತ್ರ ಹಾಕಿ ಎರಡು ದಿನದಿಂದ ಕೂಗುತ್ತಿದ್ದರು. ಇಷ್ಟೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಗೋಡೆಯ ಗಡಿಯಾರವನ್ನು ಹತ್ತು ಇಪ್ಪತ್ತೈದರಿಂದ ಐದು ಸಲ ನೋಡಿದ್ದ. ಬೆಳಕಿನ ವಕ್ರೀಭವನದ ಚಿತ್ರ ಬರೆಯುತ್ತಿದ್ದವನು ಕಿರಣವನ್ನು ಗಾಜಿನೊಳಗೆ ಬಾಗಿಸುವುದನ್ನೇ ಮರೆತು ನೇರ ಎಳೆದುಬಿಟ್ಟ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಕುರ್ಚಿಯಿಂದ ಶುರುವಾದದ್ದು ಇದು. ಮೊನ್ನೆ ಸಂಜೆ ಬಸ್ಸಿಗೆ ಹೊತ್ತಿದ್ದರಿಂದ ಚಹಾದಂಗಡಿಗೆ ಹೋದಾಗ, ಒಳಗೆ ಕುಳಿತಿದ್ದ ಸಿದ್ದರಾಯ ತಾನೇ ಎದ್ದು, ತನ್ನ ಕುರ್ಚಿಯನ್ನು ಟವೆಲಿನಿಂದ ಒರೆಸಿ, ಕೂಡ್ರಿ ಸರ ಎಂದಿದ್ದ. ಸಿದ್ದರಾಯನೆಂದರೆ ಊರಿನಲ್ಲಿ ತೂಕವಿರುವ ಮನುಷ್ಯ. ಅರವತ್ತು ಕುರಿ, ಎರಡೆಕರೆ ನಿಂಬೆ ತೋಟ, ಒಂದು ಸಲ ಪಂಚಾಯಿತಿ ಮೆಂಬರನೂ ಆಗಿದ್ದವನು. ಹನ್ನೊಂದು ವರ್ಷದಿಂದ ಆ ಅಂಗಡಿಯಲ್ಲಿ ಪ್ರೇಮಕುಮಾರ ನಿಂತೇ ಚಹಾ ಕುಡಿದಿದ್ದ. ಕೂಡಬೇಡ ಅಂತ ಯಾರೂ ಅಂದಿರಲಿಲ್ಲ. ಕೂಡು ಅಂತಲೂ ಅಂದಿರಲಿಲ್ಲ. ಅವನ ಅಪ್ಪ ಭೀಮು ಸಿಂದಗಿ ಕಡೆಯ ತಮ್ಮೂರಿನಲ್ಲಿ, ಅಂಗಡಿಯ ಸೂರಿಗೆ ಸಿಕ್ಕಿಸಿದ ಬೇರೆ ಬಟ್ಟಲನ್ನು ತಾನೇ ತೆಗೆದು, ಹೊರಗೆ ಕುಕ್ಕರಗಾಲಲ್ಲಿ ಕುಡಿದು, ತಾನೇ ತೊಳೆದು ಸಿಕ್ಕಿಸುತ್ತಿದ್ದ. ಈಗ ಕಾಗದದ ಕಪ್ಪು ಬಂದು ಎಲ್ಲರಿಗೂ ಅನುಕೂಲವಾಗಿದೆ. ಪ್ರೇಮಕುಮಾರ ಮನೆಯಲ್ಲಿ ಬುದ್ಧವಂದನೆ ಹೇಳುವವನು, ತರಗತಿಯಲ್ಲಿ ಪ್ರಶ್ನೆ ಕೇಳಿ ಎಂದು ಹೇಳುವವನು, ಆದರೆ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಾಗ ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಪಂಚಾಂಗದಲ್ಲಿ ಈ ಕಲ್ಲಿನ ಸುದ್ದಿಯೇ ಇಲ್ಲವಂತೆ, ಐನೋರು ಹುಡುಕಿ ಹುಡುಕಿ ಸಾಕಾಗಿ ಕೈಚೆಲ್ಲಿದರಂತೆ. "ಇದಕ್ಕ ನೀವ ಬೇಕ್ರಿ ಸರ," ಎಂದ ಸಿದ್ದರಾಯ. "ಸ್ಪರ್ಶ ಎಷ್ಟಕ್ಕ, ಮೋಕ್ಷ ಎಷ್ಟಕ್ಕ ಹೇಳ್ರಿ."

ಅದಕ್ಕೆ ಉತ್ತರ ಅವನ ಬಾಯಲ್ಲೇ ಇತ್ತು. ಗ್ರಹಣವೆಂದರೆ ನೆರಳು, ಇಲ್ಲಿ ಯಾವುದನ್ನೂ ಯಾವುದೂ ಮುಚ್ಚುವುದಿಲ್ಲ, ಹಿಡಿಯುವುದೂ ಇಲ್ಲ ಬಿಡುವುದೂ ಇಲ್ಲ. ವರ್ಷವರ್ಷವೂ ಹೇಳಿದ ಮಾತೇ. ಹೇಳಿದ್ದರೆ ಸಿದ್ದರಾಯ ಹೂಂ ಅಂದು, ಸುತ್ತಲಿನ ಏಳೆಂಟು ಜನ ಹೂಂ ಅಂದು, ಕುರ್ಚಿ ಮತ್ತೆ ಗೋಡೆಗೆ ಹೋಗುತ್ತಿತ್ತು. ಪ್ರೇಮಕುಮಾರ ಜೇಬಿನಿಂದ ಮೊಬೈಲು ತೆಗೆದ. ಕಲ್ಲು ಅತಿ ಹತ್ತಿರ ಬರುವ ಹೊತ್ತು ಕೋಷ್ಟಕದಲ್ಲಿತ್ತು: ಹತ್ತು ನಲವತ್ತು. ಅದರಿಂದ ಎರಡೂವರೆ ತಾಸು ಕಳೆದ, ಅದಕ್ಕೆ ಎರಡೂವರೆ ತಾಸು ಕೂಡಿಸಿದ. ಯಾಕೆ ಎರಡೂವರೆ ಅಂತ ಯಾರೂ ಕೇಳಲಿಲ್ಲ. ಒಳಗೊಳಗೇ ನಗುತ್ತಿದ್ದೇನೆ ಅಂದುಕೊಂಡ, ಇವರನ್ನು ಆಟ ಆಡಿಸುತ್ತಿದ್ದೇನೆ ಅಂದುಕೊಂಡ, ಆದರೆ ಸಿದ್ದರಾಯ ಮುಂದೆ ಹಿಡಿದ ಮೊಬೈಲಿಗೆ ಪ್ರೇಮಕುಮಾರ ದನಿ ತಗ್ಗಿಸಿ, ತುಸು ನಿಧಾನ ಮಾಡಿ ಹೇಳಿದ: "ಸ್ಪರ್ಶ ಎಂಟು ಹತ್ತು. ಮಧ್ಯ ಹತ್ತು ನಲವತ್ತು. ಮೋಕ್ಷ ಒಂದು ಹತ್ತು." ಊರಿನ ಗುಂಪಿನ ಎಲ್ಲರ ಫೋನಿಗೂ ಅದು ಹೋಯಿತು. ಆಮೇಲೆ ಸಿದ್ದರಾಯ ತಗ್ಗಿದ ದನಿಯಲ್ಲಿ, ಮಗಳು ಬಾಣಂತನಕ್ಕೆ ಬಂದಿದ್ದಾಳೆ, ದಿನ ತುಂಬಿವೆ, ಅದಕ್ಕೇ ಕೇಳಿದೆ ಎಂದ. ಆಗಲಾದರೂ ಬಾಯಿ ಬಿಡಬಹುದಿತ್ತು. ಚಹಾ ಬಂತು, ಗಾಜಿನ ಗ್ಲಾಸಿನಲ್ಲಿ. ಪ್ರೇಮಕುಮಾರ ಅದನ್ನು ಎರಡೂ ಕೈಯಲ್ಲಿ ಹಿಡಿದು, "ನಿಮ್ಮ ಪದ್ಧತಿ ಹೆಂಗೈತಿ ಹಂಗ ಮಾಡ್ರಿ," ಎಂದ.

ಹತ್ತು ನಲವತ್ತಾಯಿತು. ಗಡಿಯಾರದ ಮುಳ್ಳು ಮುಂದೆ ಹೋಯಿತು, ಕಿಟಕಿಯಾಚೆ ಜೋಳದ ತೆನೆಗಳ ಮೇಲೆ ಗುಬ್ಬಿ ಕೂತವು ಎದ್ದವು, ಏನೂ ಆಗಲಿಲ್ಲ. ಏನೂ ಆಗುವುದಿಲ್ಲವೆಂದು ಮೊದಲೇ ಗೊತ್ತಿದ್ದ ತನಗೆ ಈ ನೆಮ್ಮದಿ ಎಲ್ಲಿಂದ ಬಂತು ಎಂದು ಯೋಚಿಸುವಷ್ಟರಲ್ಲಿ ಬಾಗಿಲಲ್ಲಿ ಸೈದಾಬಿ ನಿಂತಿದ್ದಳು. ಆಶಾ ಕಾರ್ಯಕರ್ತೆ, ಕಬ್ಬಿಣದ ಗುಳಿಗೆ ಹಂಚಲು ತಿಂಗಳಿಗೊಮ್ಮೆ ಶಾಲೆಗೆ ಬರುತ್ತಿದ್ದವಳು. ಓಡಿ ಬಂದಿದ್ದರಿಂದ ಗುಲಾಬಿ ಸೀರೆಯ ಸೆರಗು ಹೆಗಲಿನಿಂದ ಜಾರಿತ್ತು. ಅವಳ ಮುಖ ನೋಡಿದ ಕೂಡಲೇ ಪ್ರೇಮಕುಮಾರನಿಗೆ ಬೆಳಗಿನ ಹಿಗ್ಗು ಏನಾಗಿತ್ತೆಂದು ತಿಳಿದುಹೋಯಿತು: ಅಂಜಿಕೆ.

"ಸಿದ್ದರಾಯಣ್ಣನ ಮಗಳಿಗೆ ಏಳಕ್ಕ ನೀರು ಹೋಗ್ಯಾವ್ರಿ ಸರ. ಕೂಸಿನ ಅಲಗಾಟ ಕಮ್ಮಿ ಆಗೇತಿ ಅಂತಾಳ. ಎಂಟು ಹತ್ತರಿಂದ ಕತ್ತಲ ಖೋಲ್ಯಾಗ ಹಾಕ್ಯಾರ, ಹನಿ ನೀರು ಕೊಟ್ಟಿಲ್ಲ. ದವಾಖಾನಿಗೆ ನಡ್ರಿ ಅಂದ್ರ ಮೋಕ್ಷ ಆಗ್ಲಿ ಅಂತಾರ. ನಾ ಬಡಕೊಂಡು ಸಾಕಾತು. ನೀವ ಬಂದು ಹೇಳ್ರಿ, ನೀವ ಹೇಳಿದ್ದಲ್ಲೇನ್ರಿ."

ಮಕ್ಕಳು ಕೇಳಿಸಿಕೊಂಡರೋ ಇಲ್ಲವೋ, ಅವನು ಹಿಂತಿರುಗಿ ನೋಡಲಿಲ್ಲ. ಬೀದಿಯಲ್ಲಿ ಸೈದಾಬಿಯ ಹಿಂದೆ ನಡೆಯುತ್ತ, ಆಮೇಲೆ ಓಡುತ್ತ, ಅವನಿಗೆ ನೆನಪಾದದ್ದು ಆರು ವರ್ಷದ ಹಿಂದಿನ ಡಿಸೆಂಬರು, ಬೆಳಗಿನ ಸೂರ್ಯಗ್ರಹಣ. ಅವತ್ತು ಅವನು ಮಕ್ಕಳನ್ನು ಮೈದಾನಕ್ಕೆ ಕರೆದು, ರಟ್ಟಿನ ತೂತಿನಿಂದ ನೆಲದ ಮೇಲೆ ಕಚ್ಚಿದ ಸೂರ್ಯನನ್ನು ತೋರಿಸಿ, ಚೀಲ ಬಿಚ್ಚಿ ಚುರುಮುರಿ ಹಂಚಿದ್ದ. ಯಾರೂ ಬಾಯಿಗೆ ಹಾಕಲಿಲ್ಲ. ಕೈಯಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಎರಡು ಜಡೆಯ ಒಬ್ಬಳು ಮುಂದೆ ಬಂದು ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಕರುಂ ಕರುಂ ಅಗಿದಳು. ಸಿದ್ದರಾಯನ ಮಗಳು ಶಿವಾನಿ. ಮನೆಗೆ ಹೋದ ಮೇಲೆ ಅವಳ ಆಯಿ, ಸಿದ್ದರಾಯನ ತಾಯಿ ರಾಮವ್ವ, ಬೆನ್ನ ಮೇಲೆ ನಾಲ್ಕು ಬಾರಿಸಿದಳಂತೆ. ಮರುದಿನ ಶಿವಾನಿ ಅದನ್ನು ನಗುತ್ತ ಹೇಳಿದ್ದಳು. ಅಂಥವಳು ಯಾಕೆ ಕತ್ತಲ ಕೋಣೆಯಲ್ಲಿ ಮಲಗಿದ್ದಾಳೆ ಎಂಬ ಪ್ರಶ್ನೆ ಅವನಿಗೆ ಆಗ ಹೊಳೆಯಲೇ ಇಲ್ಲ. ಅವನು ತನ್ನ ಬಗ್ಗೆ ಮಾತ್ರ ಯೋಚಿಸುತ್ತಿದ್ದ. ನಿಮ್ಮ ಪದ್ಧತಿ ಇದ್ದಂತೆ ಮಾಡಿ ಅಂದೆ, ಅಷ್ಟೇ ಅಂದೆ, ಒಳಗೆ ಹಾಕಿ ಅನ್ನಲಿಲ್ಲವಲ್ಲ ಎಂದು ಯಾರಿಗೋ ಒಪ್ಪಿಸುವವನ ಹಾಗೆ ಮನಸ್ಸಿನೊಳಗೆ ಹೇಳಿಕೊಳ್ಳುತ್ತಿದ್ದ.

ಸಿದ್ದರಾಯನ ಮನೆಯ ಪಡಸಾಲೆಯಲ್ಲಿ ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು. ಒಳಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ರಾಮವ್ವ ಕೂತಿದ್ದಳು, ಎಂಬತ್ತರ ಮುದುಕಿ, ಉಣ್ಣೆ ನೂಲುವ ಕೈ ಇವತ್ತು ಖಾಲಿ. ಒಳಗಿನಿಂದ ಒಂದು ನರಳಾಟ ಬಂದು ನಿಂತಿತು. ಪ್ರೇಮಕುಮಾರ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಿದ್ದ. ಅದು ಗೊತ್ತಾಗಿ ಹಿಂದೆ ಹೋಗಿ ಬಿಟ್ಟು ಬಂದ. ಇದು ಗ್ರಹಣವಲ್ಲ, ಒಂದು ಕಲ್ಲು, ಅದಕ್ಕೂ ಹೊಟ್ಟೆಯೊಳಗಿನ ಕೂಸಿಗೂ ಸಂಬಂಧವಿಲ್ಲ ಎಂದು ಹೇಳಿದ. ರಾಮವ್ವನಿಗೆ ಸಿಟ್ಟು ಬರಲಿಲ್ಲ. ಅವಳು ಮಗನ ಕಡೆ ನೋಡಿದಳು, ಸಿದ್ದರಾಯ ಜೇಬಿನಿಂದ ಮೊಬೈಲು ತೆಗೆದು ಒತ್ತಿದ. ಸ್ಪರ್ಶ ಎಂಟು ಹತ್ತು ಎಂದಿತು ಪ್ರೇಮಕುಮಾರನ ದನಿ. ಮಧ್ಯ ಹತ್ತು ನಲವತ್ತು. ಪಡಸಾಲೆಯ ಕತ್ತಲಲ್ಲಿ ಅದು ಅವನದಕ್ಕಿಂತ ವಯಸ್ಸಾದ ದನಿಯಂತೆ, ನಂಬಬೇಕಾದ ದನಿಯಂತೆ ಕೇಳಿಸಿತು. "ನೀವ ಹೇಳಿದ್ದಲ್ರಿ ಸರ," ಎಂದ ಸಿದ್ದರಾಯ, ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ, ಬೇಡಿಕೆಯಿತ್ತು. ಏನು ಮಾಡಲಿ ಅಂತ ಹೇಳು ಎಂದು ಅವನ ಕಣ್ಣು ಕೇಳುತ್ತಿತ್ತು.

ಆ ಸಮಯ ನಾನೇ ಹುಟ್ಟಿಸಿ ಹೇಳಿದ್ದು. ಐದು ಮಾತು, ನಾಲಿಗೆಯ ತುದಿಯಲ್ಲಿತ್ತು. ಬಾಗಿಲಲ್ಲಿ ನೆರೆಮನೆಯ ನಾಲ್ಕು ಮುಖಗಳು ಇಣುಕುತ್ತಿದ್ದವು. ಹೇಳಿದರೆ ನಂಬುತ್ತಾರೋ ಇಲ್ಲವೋ, ವಾದ ಬೆಳೆದರೆ ಹೊತ್ತು ಹೋಗುತ್ತದೆ, ಈಗ ಒಂದೊಂದು ನಿಮಿಷವೂ ಮುಖ್ಯ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ನಿಜವೇ. ನಿಜವಾದ ಕಾರಣ ಅದಲ್ಲ ಎನ್ನುವುದೂ ಅವನಿಗೆ ಅದೇ ಗಳಿಗೆಯಲ್ಲಿ ಗೊತ್ತಿತ್ತು.

"ಹೊಸಾ ಲೆಕ್ಕ ಬಂದೈತಿ, ಆಯಿ," ಎಂದ. "ಹತ್ತು ನಲವತ್ತಕ್ಕ ಮೋಕ್ಷ ಆತು. ಬಿಟ್ಟೈತಿ. ಕರಕೊಂಡ ನಡ್ರಿ."

ರಾಮವ್ವ ಅವನನ್ನು ಒಂದು ಕ್ಷಣ ನೋಡಿದಳು, ಹೊಸ್ತಿಲಿನಿಂದ ಎದ್ದಳು. ಅವನು ಉಸಿರು ಬಿಟ್ಟ. ಆದರೆ ಮೋಕ್ಷವಾದ ಮೇಲೆ ಸ್ನಾನವಾಗಬೇಕಲ್ಲ! ಬಚ್ಚಲಲ್ಲಿ ಶಿವಾನಿಯ ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಬೀಳುವ ಸದ್ದನ್ನು ಅವನು ಪಡಸಾಲೆಯಲ್ಲಿ ನಿಂತು ಕೇಳಿದ. ಬೇಡ ಎನ್ನುವಂತಿರಲಿಲ್ಲ, ಮೋಕ್ಷ ಅಂದವನು ಸ್ನಾನ ಬೇಡವೆಂದರೆ ಹೇಗೆ? ಸೈದಾಬಿ ಒಳಗೆ ಕೂಗಾಡುತ್ತಿದ್ದಳು. ಹನ್ನೊಂದು ತಂಬಿಗೆ ಎಣಿಸಿದ. ಹನ್ನೆರಡನೆಯದಕ್ಕೆ ಶಿವಾನಿ ನೋವಿನಿಂದ ಚೀರಿದಳು. ಅವನು ಗಾಡಿ ಹುಡುಕಲು ಬೀದಿಗೆ ಓಡಿದ.

ನಬಿಲಾಲನ ಗಾಡಿ ದಿನವೂ ಇಂಡಿ ಪಟ್ಟಣದ ಪೇಟೆಗೆ ನಿಂಬೆಹಣ್ಣು ಸಾಗಿಸುವುದು. ಹಿಂದಿನ ಚೀಲಗಳನ್ನು ರಸ್ತೆಗೆ ಇಳಿಸಿ, ಎರಡು ಗಾದಿ ಹಾಸಿ, ಶಿವಾನಿಯನ್ನು ಮಲಗಿಸಿದರು. ಒಂದು ಕಡೆ ರಾಮವ್ವ, ಇನ್ನೊಂದು ಕಡೆ ಸೈದಾಬಿ. ಪ್ರೇಮಕುಮಾರ ಮುಂದೆ ನಬಿಲಾಲನ ಪಕ್ಕ ಕೂತ, ಸಿದ್ದರಾಯ ಮೋಟರ್‌ಸೈಕಲ್ಲಿನಲ್ಲಿ ಹಿಂದೆ. ಶಿವಾನಿಯ ಗಂಡ ಯಲ್ಲಾಲಿಂಗ ಆಲಮಟ್ಟಿಯಲ್ಲಿ ಕಾಲುವೆ ಕೆಲಸದಲ್ಲಿದ್ದ. ಬಸ್ಸು ಹತ್ತಿದ್ದಾನೆ ಎಂದರು. ನಬಿಲಾಲ ಗುಂಡಿ ತಪ್ಪಿಸುತ್ತ ಗಾಡಿ ಓಡಿಸಿದ. ಹಿಂದಿನಿಂದ ಸೈದಾಬಿ, ಈಗ ಅಲಗಾಡ್ತೇನವಾ, ಈಗ, ಎಂದು ಕೇಳುವುದು, ಶಿವಾನಿಯ ಉತ್ತರ ಕೇಳಿಸದಿರುವುದು, ಮತ್ತೆ ಸೈದಾಬಿ ಕೇಳುವುದು. ಕೈಗೆ ಏನಾದರೂ ಕೆಲಸ ಬೇಕಾಗಿ ಪ್ರೇಮಕುಮಾರ ಮೊಬೈಲು ತೆಗೆದ, ಆ ಕೋಷ್ಟಕವೇ ತೆರೆದುಕೊಂಡಿತು. ಹತ್ತು ನಲವತ್ತು. ಅದರ ಪಕ್ಕದಲ್ಲಿ ಸಣ್ಣ ಎರಡು ಅಕ್ಷರ ಇದ್ದವು, ಮೊನ್ನೆಯೂ ಇದ್ದವು, ನೋಡಿರಲಿಲ್ಲ. ಅದು ಗ್ರೀನಿಚ್ಚಿನ ಸಮಯ. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮದು. ವರ್ಷವೂ ಎಂಟನೆಯ ತರಗತಿಗೆ ಭೂಗೋಳ ಹಿಡಿದು ಕಲಿಸುವ ಪಾಠ, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಕಲ್ಲು ಬರುವುದು ಸಂಜೆ ನಾಲ್ಕು ಹತ್ತಕ್ಕೆ.

ಅಂದರೆ ಈಗ ಅದು ಬರುತ್ತಿದೆ. ಡ್ಯಾಶ್‌ಬೋರ್ಡಿನ ಗಡಿಯಾರದಲ್ಲಿ ಹನ್ನೊಂದು ಐದಾಗಿತ್ತು. ಸೆಕೆಂಡಿಗೆ ಹನ್ನೆರಡು ಕಿಲೋಮೀಟರಿನ ವೇಗ. ಲೆಕ್ಕ ಬೇಡವೆಂದರೂ ತಲೆ ಲೆಕ್ಕ ಹಾಕಿತು. ಇದೇ ಹೊತ್ತಿನಲ್ಲಿ ಅದು ಚಂದ್ರನಷ್ಟು ದೂರವನ್ನು ದಾಟಿ ಒಳಗೆ ಕಾಲಿಡುತ್ತಿದೆ. ಬಿಟ್ಟಿತು ಎಂದು ಅವನು ಹೇಳಿದ ಕಲ್ಲು ಇನ್ನೂ ಹಿಡಿದೇ ಇಲ್ಲ. ಹಿಡಿಯುವುದೆಂಥದು ಎಂದು ತನ್ನನ್ನೇ ಗದರಿಸಿಕೊಂಡ. ನಾಲ್ಕೇ ದಿನದ ಅಳತೆಯಿಂದ ಹಾಕಿದ ದಾರಿ, ಅದರಲ್ಲಿ ಹೆಚ್ಚುಕಮ್ಮಿ ಎಷ್ಟೆಂದು ಕೊನೆಯ ಸಾಲಿನಲ್ಲಿ ಕೊಟ್ಟಿದ್ದರು, ಆ ಹೆಚ್ಚುಕಮ್ಮಿಯೆಲ್ಲ ಸೇರಿದರೂ ಇತ್ತ ಬರಲಾರದು. ಆದರೂ ಗಾಡಿಯ ಗಾಜಿನಾಚೆಯ ಆಕಾಶವನ್ನು ಅವನು ತಲೆ ಬಗ್ಗಿಸಿ ನೋಡಿದ. ನೀಲಿ, ಖಾಲಿ, ಒಂದು ಹದ್ದು. ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಚಿಕ್ಕವನಿದ್ದಾಗ ಗ್ರಹಣದ ದಿನ ಅವ್ವ ಅವನನ್ನು ಸೆರಗಿನೊಳಗೆ ಹಾಕಿಕೊಂಡು ಕೂರುತ್ತಿದ್ದಳು, ಆ ಸೆರಗಿನ ಹೊಗೆವಾಸನೆ ಎಲ್ಲಿತ್ತೋ ಏನೋ, ನಿಂಬೆಯ ಘಾಟಿನ ನಡುವೆ ಬಂದು ಹೋಯಿತು. ನಬಿಲಾಲ ಅವನತ್ತ ನೋಡಿ, ಅಂಜಬ್ಯಾಡ್ರಿ ಸರ ಎಂದ. ಅಂಜಿದ್ದು ಕಲ್ಲಿಗಲ್ಲ ಎನ್ನಬೇಕೆನ್ನಿಸಿತು.

ಇಂಡಿ ಆಸ್ಪತ್ರೆಯ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಅವರು ಶಿವಾನಿಯ ಹೊಟ್ಟೆಯ ಮೇಲೆ ಯಂತ್ರ ಇಟ್ಟು, ಜಾಗ ಬದಲಿಸಿ, ಮತ್ತೆ ಬದಲಿಸಿ, ಕೊನೆಗೊಮ್ಮೆ ಸದ್ದು ಹಿಡಿದರು. ಬಾಗಿಲ ಹೊರಗಿದ್ದ ಪ್ರೇಮಕುಮಾರನಿಗೂ ಅದು ಕೇಳಿಸಿತು: ಬಡಿಯುತ್ತ, ಬಡಿಯುತ್ತ, ನಡುವೆ ತಡೆದು, ಮತ್ತೆ ಬಡಿಯುತ್ತ. ಹೊರಗೆ ಬಂದ ಡಾಕ್ಟರು ಈಗಲೇ ಆಪರೇಷನ್ ಆಗಬೇಕು ಎಂದರು. ಏಳಕ್ಕೆ ನೀರು ಹೋಗಿದ್ದರೆ ಇಷ್ಟೊತ್ತು ಯಾಕೆ ತರಲಿಲ್ಲ, ಮನೆಯಲ್ಲಿ ಯಾರಿಗೂ ಬುದ್ಧಿ ಇರಲಿಲ್ಲವೇ ಎಂದು ಕೇಳಿದರು. ಸಿದ್ದರಾಯ ಕೈಮುಗಿದು, ಗ್ರಹಣವಿತ್ತು ಎಂದ. ಯಾವ ಗ್ರಹಣ? ಸಿದ್ದರಾಯ ಪ್ರೇಮಕುಮಾರನ ಕಡೆ ಕೈ ತೋರಿಸಿ, "ಸರ ಹೇಳಿದ್ರರಿ. ವಿಜ್ಞಾನ ಮಾಸ್ತರ್ರು," ಎಂದ. ಹೇಳುವಾಗ ಅವನ ದನಿಯಲ್ಲಿ ಇನ್ನೂ ಗೌರವವಿತ್ತು. ಡಾಕ್ಟರು ಪ್ರೇಮಕುಮಾರನ ಮುಖ ನೋಡಿದರು, ಜೇಬಿನ ಪೆನ್ನು ನೋಡಿದರು, ಬೆರಳಿಗೆ ಅಂಟಿದ ಸೀಮೆಸುಣ್ಣದ ಪುಡಿ ನೋಡಿದರು. "ಟೀವಿಯಾಗ ಹಂಗ ಬಂದಿತ್ತರಿ ಮೇಡಂ," ಎಂದ ಅವನು. ಅಂದ ಕೂಡಲೇ ತಾನು ಎಂಥವನೆಂದು ತಿಳಿದು ಮೈಯೆಲ್ಲ ಉರಿಯಿತು. ಅವರು ತಿರುಗಿ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಒಂದು ಗಂಟೆಗೆ ಕೂಸು ಹೊರಬಂತು. ಹೆಣ್ಣು. ಅಳಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಹಿಡಿದು ಅವರ ಮುಂದೆಯೇ ಓಡಿದಳು, ಪಕ್ಕದ ಕೋಣೆಯ ಬಾಗಿಲು ಹಾಕಿಕೊಂಡಿತು. ಉಸಿರಿಗೆ ಸಹಾಯ ಕೊಟ್ಟಿದ್ದಾರೆ, ದೀಪದ ಕೆಳಗೆ ಇಟ್ಟಿದ್ದಾರೆ, ಈಗಲೇ ಏನೂ ಹೇಳಲಾಗದು ಎಂದು ಸೈದಾಬಿ ತಿಳಿದು ಬಂದು ಹೇಳಿದಳು. ರಾಮವ್ವ ನೆಲದ ಮೇಲೆ ಕೂತಿದ್ದಳು. ಗೋಡೆಯ ಗಡಿಯಾರ ಅವಳಿಗೆ ಓದಲು ಬರುತ್ತಿರಲಿಲ್ಲ. ಮಗನನ್ನು ಕೇಳಿ ತಿಳಿದುಕೊಂಡು, ಬೆರಳ ಮೇಲೆ ಏನೋ ಎಣಿಸಿ, ಪ್ರೇಮಕುಮಾರನನ್ನು ಹತ್ತಿರ ಕರೆದಳು.

"ಮೊದಲ ಹೇಳಿದ ಮೋಕ್ಷಕ್ಕ ಇನ್ನ ಹತ್ತು ಮಿನಿಟ ಇತ್ತಲ್ರಿ. ಯಾವುದು ಖರೇ? ಮೊದಲ ಹೇಳಿದ್ದೋ, ಆಮ್ಯಾಲ ಹೇಳಿದ್ದೋ?"

ಈ ಹೆಂಗಸು ತನ್ನ ಮೊಮ್ಮಗಳನ್ನು ಬೇಗ ಹೊರಗೆ ತಂದದ್ದೇ ತಪ್ಪಾಯಿತೆಂದು ಅಂಜುತ್ತಿದ್ದಾಳೆ. ಕೂಸಿಗೆ ಏನಾದರೂ ಆದರೆ ಸಾಯುವ ತನಕ ಹಾಗೇ ನಂಬುತ್ತಾಳೆ. ತಡವಾದದ್ದು ತಪ್ಪು ಎಂದು ತಿಳಿದವನು ಈ ಜಗಲಿಯ ಮೇಲೆ ಅವನೊಬ್ಬನೇ, ಸೈದಾಬಿಯನ್ನು ಬಿಟ್ಟರೆ. ಹೇಳು, ಈಗ ಹೇಳು. "ಆಮ್ಯಾಲ ಹೇಳಿದ್ದ ಖರೇ ಆಯಿ," ಎಂದು ಹೇಳಿ ಎದ್ದು ಹೊರಗೆ ಬಂದ.

ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಅವನು ನಾಲ್ಕು ಹತ್ತರವರೆಗೆ ಕೂತ. ಕಾಯುತ್ತಿದ್ದೇನೆ ಎಂದು ಒಪ್ಪಿಕೊಳ್ಳಲು ಎರಡು ತಾಸು ಬೇಕಾಯಿತು. ಮೂರು ಗಂಟೆಗೆ ಒಳಗೆ ಹೋಗಿ ಎಲ್ಲ ಹೇಳಿಬಿಡಬೇಕೆಂದು ಎದ್ದ, ಕಾಲು ಮುಂದೆ ಹೋಗಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಾಯಿಬಿಟ್ಟರೆ ಒಳಗೆ ದೀಪದ ಕೆಳಗಿನ ಆ ಗಂಟಿಗೆ ಏನಾದರೂ ಆದೀತು ಎಂಬ ಹೆದರಿಕೆ ಅವನನ್ನು ಮತ್ತೆ ಕೂರಿಸಿತು. ಕಲ್ಲು ದಾಟಲಿ, ಆಮೇಲೆ ಹೇಳುತ್ತೇನೆ. ಹದಿನೇಳು ವರ್ಷ ವಿಜ್ಞಾನ ಕಲಿಸಿದವನು ಗರ್ಭಿಣಿಯ ಹಾಗೆ ಮೈ ಮುದುಡಿಕೊಂಡು ಮೋಕ್ಷಕ್ಕೆ ಕಾಯುತ್ತಿದ್ದ. ಮಂಗಳನ ಆಚೆಯಿಂದ ಹೊರಟ ಆ ಕಲ್ಲಿಗೆ ಇಂಡಿ ಗೊತ್ತಿಲ್ಲ, ಕುರ್ಚಿ ಗೊತ್ತಿಲ್ಲ, ಗ್ಲಾಸು ಗೊತ್ತಿಲ್ಲ. ಎರಡೂವರೆ ನಿಮಿಷಕ್ಕೊಮ್ಮೆ ಮಗುಚುತ್ತ, ಒಂದು ಮಗ್ಗುಲು ಬಿಸಿಲಿಗೆ ಒಂದು ಮಗ್ಗುಲು ಕತ್ತಲಿಗೆ ಕೊಡುತ್ತ ಅದು ತನ್ನ ದಾರಿಯಲ್ಲಿತ್ತು. ರಸ್ತೆಯ ಕಡೆಯಿಂದ ಕುರಿಯೊಂದು ಕೂಗಿತು. ನಾಲ್ಕು ಒಂಬತ್ತು. ನಾಲ್ಕು ಹತ್ತು. ಬೇವಿನ ಎಲೆಯೊಂದು ಬಿತ್ತು. ನಾಲ್ಕು ಹನ್ನೊಂದು ಆದಾಗ ಅವನಿಗೆ ತನ್ನ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ ಎದ್ದು ನಲ್ಲಿಯ ಕೆಳಗೆ ಮುಖ ಒಡ್ಡಿದ.

ಒಳಗೆ ಬಂದಾಗ ಸುದ್ದಿ ಬಂದಿತ್ತು. ಕೂಸು ತಾನೇ ಉಸಿರಾಡುತ್ತಿದೆ, ಒಂದು ಸಲ ಸಣ್ಣಗೆ ಅತ್ತಿದೆ. ಎರಡು ದಿನ ನೋಡಬೇಕು, ಆದರೆ ಡಾಕ್ಟರ ಮುಖ ಸಡಿಲವಾಗಿತ್ತೆಂದು ಸೈದಾಬಿ ಹೇಳಿದಳು. ರಾಮವ್ವ ಅವನನ್ನು ಕಂಡದ್ದೇ ಎದ್ದು ಬಂದು ಕಾಲು ಮುಟ್ಟಲು ಬಗ್ಗಿದಳು. ಅವನು ಬೆಂಕಿ ತುಳಿದವನಂತೆ ಹಿಂದೆ ಸರಿದ. ಅವನ ಅಪ್ಪ ಇಂಥ ಎಷ್ಟು ಮನೆಗಳ ಹೊರಗೆ ನಿಂತಿದ್ದನೋ. ಅಲ್ಲಿಯೇ, ಸಿದ್ದರಾಯನ ಎದುರಿಗೆ, ಬೆಂಚುಗಳ ಮೇಲಿದ್ದ ಅಷ್ಟೂ ಜನರ ಎದುರಿಗೆ ಹೇಳಿದ.

"ಎರಡೂ ಖರೇ ಅಲ್ಲ ಆಯಿ. ಅದು ಗ್ರಹಣಾನ ಅಲ್ಲ. ಸ್ಪರ್ಶ, ಮೋಕ್ಷ ನಾನ ಹುಟ್ಟಿಸಿ ಹೇಳಿದ್ದೆ. ಮುಂಜಾನೆ ಏಳಕ್ಕ ಕರಕೊಂಡು ಬಂದಿದ್ರ ಇಷ್ಟ ತ್ರಾಸ ಆಗ್ತಿದ್ದಿಲ್ಲ. ತಪ್ಪು ನನ್ನದು."

ಸಿದ್ದರಾಯ ತಲೆ ತಗ್ಗಿಸಿದ. ಅವನು ನಂಬಿದ ಎಂದು ಪ್ರೇಮಕುಮಾರನಿಗೆ ಕಂಡಿತು. ಹೊಡೆದರೂ ಹೊಡೆದಾನು ಎಂದು ಒಂದು ಕ್ಷಣ ಅಂಜಿದ, ಹೊಡೆಯಲಿ ಎಂದೂ ಬಯಸಿದ. ಸಿದ್ದರಾಯ ಔಷಧಿ ಚೀಟಿ ಹಿಡಿದು ಹೊರಗೆ ಹೋದ. ರಾಮವ್ವ ಮಾತ್ರ ನಂಬಲಿಲ್ಲ. ಮುದುಕಿಗೆ ಧೈರ್ಯ ಬರಲಿ ಅಂತ ತಪ್ಪು ತಮ್ಮ ಮೈಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದು ಸೈದಾಬಿಗೆ ಹೇಳಿದಳು. ಮುಂದಿನದು ಯಾವಾಗ ಬರುತ್ತದೆ ಎಂದೂ ಅವನನ್ನು ಮೆಲ್ಲಗೆ ಕೇಳಿದಳು. ಹೇಳಿದರೂ ಮುಗಿಯಲಿಲ್ಲವಲ್ಲ ಎಂದು ಅವನಿಗೆ ದಿಕ್ಕು ತೋಚದಾಯಿತು.

ಐದರ ಹೊತ್ತಿಗೆ ಶಿವಾನಿ ಕರೆಯುತ್ತಿದ್ದಾಳೆ ಎಂದು ಸೈದಾಬಿ ಬಂದಳು. ಶಿವಾನಿ ಗೋಡೆಯ ಕಡೆಯ ಹಾಸಿಗೆಯಲ್ಲಿದ್ದಳು, ಕೂದಲು ಇನ್ನೂ ಆ ಸ್ನಾನದ ನೀರಿನಿಂದ ಹಸಿಯಿತ್ತು, ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಎರಡು ಜಡೆಯ ಹುಡುಗಿಯನ್ನು ಆ ಮುಖದಲ್ಲಿ ಹುಡುಕುತ್ತ ಅವನು ನಿಂತ. ಅವಳು ಅವನನ್ನೇ ನೋಡಿದಳು, ಸಿಟ್ಟಿಲ್ಲದೆ, ತರಗತಿಯಲ್ಲಿ ತಿಳಿಯದ್ದನ್ನು ಕೇಳುವ ಮೊದಲು ನೋಡುತ್ತಿದ್ದಳಲ್ಲ ಹಾಗೆ.

"ಆಯಿ ಹೇಳಿದ್ರ ನಾ ಮಲಗ್ತಿದ್ದಿಲ್ರಿ ಸರ," ಎಂದಳು. ದನಿ ಗಾಳಿಯಷ್ಟೇ ಇತ್ತು. "ಐನೋರು ಹೇಳಿದ್ರೂ ಮಲಗ್ತಿದ್ದಿಲ್ಲ. ಕೂಸು ಅಲಗಾಡೂದು ನಿಂತಾಗ ಬಾಗಲಾ ತಗದು ಹೋಗಬೇಕಂದೆ. ಅಪ್ಪ ನಿಮ್ಮ ದನಿ ಕೇಳಿಸಿದ. ಸರ ಹೇಳ್ಯಾರಂದ್ರ ಏನೋ ಇರಬೇಕು ಅಂತ ಮಲಗಿದೆ."

ಇಡೀ ಊರಿನಲ್ಲಿ ಅವನ ಪಾಠವನ್ನು ನಂಬಿದವಳು ಒಬ್ಬಳೇ, ಆ ಕತ್ತಲ ಕೋಣೆಯಲ್ಲಿ ಅವಳನ್ನು ಹಿಡಿದಿಟ್ಟದ್ದು ಆ ನಂಬಿಕೆಯೇ.

"ಯಾಕ ಹೇಳಿದ್ರಿ ಸರ?"

ಬೇರೆ ಉತ್ತರಗಳು ಒಂದಾದ ಮೇಲೊಂದು ಬಂದವು, ಆಟಕ್ಕೆ ಹೇಳಿದೆ, ಅವರು ಕೇಳಿದರು ಹೇಳಿದೆ, ಹೀಗಾಗುತ್ತದೆಂದು ತಿಳಿಯಲಿಲ್ಲ. "ನಿಮ್ಮಪ್ಪ ನನಗ ಕುರ್ಚಿ ಕೊಟ್ಟಿದ್ದವಾ," ಎಂದ. "ಅದಕ್ಕ."

ಶಿವಾನಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಅದು ಕೂಸಿಗಾಗಿಯೋ ಅವನಿಗಾಗಿಯೋ ಅವಳಿಗೇ ಗೊತ್ತು. ಆಮೇಲೆ, ಮುಂಜಾನೆಯಿಂದ ನೀರು ಕುಡಿದಿಲ್ಲ, ಎಷ್ಟಕ್ಕೆ ಕುಡಿಯಬಹುದು ಎಂದು ಕೇಳಿದಳು. ಗೋಡೆಯ ಮೇಲೆ ಗಡಿಯಾರವಿತ್ತು. ಆಪರೇಷನ್ನಾದ ಎಷ್ಟು ತಾಸಿಗೆ ನೀರು ಕೊಡುತ್ತಾರೆ ಎಂದು ಅವನು ಎಲ್ಲೋ ಓದಿದ್ದ, ಲೆಕ್ಕ ಹಾಕುವುದು ಕಷ್ಟವಿರಲಿಲ್ಲ, ತಲೆ ಆಗಲೇ ಕೂಡಿಸಲು ಶುರುಮಾಡಿತ್ತು.

"ನನಗ ಗೊತ್ತಿಲ್ಲವಾ," ಎಂದ ಪ್ರೇಮಕುಮಾರ. "ಕೇಳಿ ಬರ್ತೇನಿ." ಮತ್ತು ನರ್ಸನ್ನು ಹುಡುಕಿಕೊಂಡು ಹೊರಗೆ ಹೋದ.